ಕಿತ್ತ ಹಲ್ಲಿನ ಅಂಕಿ ಬಾಯಿಯೊಳಗಿನ ಹಲ್ಲಿಗೆ ಎಷ್ಟು ಒಪ್ಪುತ್ತದೆ? ಬಂಧಬಲ ಪರೀಕ್ಷೆ ಮತ್ತು ಹುಳುಕು ಪತ್ತೆಯ ಕುರಿತು

ಎಂಡಿಎಸ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಕನ್ಸರ್ವೇಟಿವ್ ಡೆಂಟಿಸ್ಟ್ರಿ ವಿಭಾಗದಲ್ಲಿ ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್ (ಸಂಶೋಧನಾ ಪ್ರಬಂಧದ ಯೋಜನೆ) ಸಲ್ಲಿಸುವ ಸಮಯ ಹತ್ತಿರವಾಗಿದ್ದು, ನನ್ನ ಮುಂದೆ ಎರಡು ವಿಷಯಗಳಿವೆ. ಒಂದು, ಫಿಲ್ಲಿಂಗನ್ನು ಹಲ್ಲಿಗೆ ಅಂಟಿಸುವ ಎರಡು ಬಗೆಯ ಬಾಂಡಿಂಗ್ ಏಜೆಂಟ್‌ಗಳ ಶಿಯರ್ ಬಂಧಬಲವನ್ನು (ಪಕ್ಕದಿಂದ ತಳ್ಳಿದಾಗ ಅಂಟು ಬಿಡಲು ಬೇಕಾಗುವ ಬಲ) ಕಿತ್ತ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ ಚಿಕ್ಕ ದವಡೆ) ಹಲ್ಲುಗಳ ಮೇಲೆ ಹೋಲಿಸುವುದು. ಇನ್ನೊಂದು, ದವಡೆ ಹಲ್ಲಿನ ಸೀಳುಗಳಲ್ಲಿ ಅಡಗಿರುವ ಹುಳುಕನ್ನು ಲೇಸರ್ ಫ್ಲೋರೆಸೆನ್ಸ್ ಉಪಕರಣ ಎಷ್ಟು ನಿಖರವಾಗಿ ಗುರುತಿಸುತ್ತದೆ ಎಂದು ನೋಡುವುದು.

ನನ್ನ ಸಂಶಯ ಇದು. ನಮ್ಮ ಓಪಿಡಿಗೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯಿಂದ ಬರುವವರ ಹಲ್ಲುಗಳಲ್ಲಿ ಫ್ಲೋರೋಸಿಸ್ (ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬರುವ ಕಲೆ) ಸಾಮಾನ್ಯ. ಆದರೆ ಪ್ರಯೋಗಕ್ಕೆ ಹಲ್ಲು ಆರಿಸುವಾಗ ಕಲೆಯಿರುವ ಹಲ್ಲನ್ನೆಲ್ಲ ಬದಿಗಿರಿಸಿ, ವಕ್ರದಂತ ಚಿಕಿತ್ಸೆಗಾಗಿ ಕಿತ್ತ ಬೆಳ್ಳಗಿನ ಪ್ರೀಮೋಲಾರ್‌ಗಳನ್ನೇ ತೆಗೆದುಕೊಳ್ಳುವುದು ವಾಡಿಕೆ. ಹಾಗೆ ದೊರೆತ ಅಂಕಿಯನ್ನು ನಾಳೆ ಪಾವಗಡದ ರೋಗಿಯ ಹಲ್ಲಿಗೆ ಅನ್ವಯಿಸಲು ನಮಗೇನು ಆಧಾರವಿದೆ? ಅನುಭವವಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ದಂತದ್ರವ್ಯ ಬೋಧಕ

ಸಿನಾಪ್ಸಿಸ್ ಬರೆಯುವ ಮೊದಲೇ ಈ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಬಂಧಬಲದ ಪರೀಕ್ಷೆಯಿಂದ ಆರಂಭಿಸುತ್ತೇನೆ.

ಯೂನಿವರ್ಸಲ್ ಟೆಸ್ಟಿಂಗ್ ಯಂತ್ರ ನಿಮಗೆ ಕೊಡುವುದು ನ್ಯೂಟನ್ ಲೆಕ್ಕದ ಬಲವನ್ನು ಮಾತ್ರ. ಅದನ್ನು ಮೆಗಾಪಾಸ್ಕಲ್ ಮಾಡುವವರು ನೀವು, ಅಂಟಿದ ಕ್ಷೇತ್ರಫಲದಿಂದ ಭಾಗಿಸಿ. ಹಲ್ಲಿನ ಮೇಲಿಟ್ಟು ರೆಸಿನ್ (ಫಿಲ್ಲಿಂಗಿನ ಪ್ಲಾಸ್ಟಿಕ್ ಬಗೆಯ ವಸ್ತು) ತುಂಬುವ ಅಚ್ಚಿನ ವ್ಯಾಸ 3 ಮಿಲಿಮೀಟರ್ ಇದ್ದರೆ ಕ್ಷೇತ್ರಫಲ ಸುಮಾರು 7.07 ಚದರ ಮಿಲಿಮೀಟರ್. 141 ನ್ಯೂಟನ್ನಿಗೆ ಕಳಚಿಕೊಂಡರೆ 20 ಮೆಗಾಪಾಸ್ಕಲ್ ಎಂದು ಬರೆಯುತ್ತೀರಿ. ಆದರೆ ಅಚ್ಚಿನ ಅಂಚಿನಡಿ ರೆಸಿನ್ ಸ್ವಲ್ಪ ಹರಡಿ, ನಿಜವಾಗಿ ಅಂಟಿದ ವೃತ್ತದ ವ್ಯಾಸ 3.4 ಮಿಲಿಮೀಟರ್ ಆಗಿದ್ದರೆ ಅದೇ ಬಲಕ್ಕೆ ಸಿಗುವುದು 15.5 ಮೆಗಾಪಾಸ್ಕಲ್ ಮಾತ್ರ. ಎರಡು ಕಂಪನಿಗಳ ಅಂಟುಗಳ ನಡುವೆ ಪ್ರಬಂಧಗಳು ಎತ್ತಿ ತೋರಿಸುವ ವ್ಯತ್ಯಾಸ ಎಷ್ಟೋ ಸಲ ಇದಕ್ಕಿಂತಲೂ ಚಿಕ್ಕದು. ಆದ್ದರಿಂದ ಬಾಂಡಿಂಗ್ ಹಚ್ಚುವ ಮೊದಲು ಅಂಟುವ ಜಾಗವನ್ನು ತೂತಿರುವ ಟೇಪಿನಿಂದ ಗೊತ್ತುಪಡಿಸಿಕೊಳ್ಳಿ, ಕಳಚಿದ ಮೇಲೆ ಮೇಲ್ಮೈಯನ್ನು ಸ್ಟೀರಿಯೋಮೈಕ್ರೋಸ್ಕೋಪಿನಲ್ಲಿ ನೋಡಿ ಅಳೆಯಿರಿ.

ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ ಬಿರುಕು ಹೋದ ದಾರಿ. ಡೆಂಟಿನ್ (ಎನಾಮಲ್ ಎಂಬ ಹೊರಹೊದಿಕೆಯ ಒಳಗಿರುವ ಹಲ್ಲಿನ ಪದರ) ಮೇಲ್ಮೈ ನುಣುಪಾಗಿ ಹೊಳೆಯುತ್ತಿದ್ದರೆ ಅಂಟು ಬಿಟ್ಟಿದೆ ಎಂದರ್ಥ. ಡೆಂಟಿನ್ನೇ ಚಕ್ಕೆಯಾಗಿ ಎದ್ದುಬಂದಿದ್ದರೆ ನೀವು ಅಳೆದದ್ದು ಅಂಟಿನ ಬಲವನ್ನಲ್ಲ, ಹಲ್ಲು ಒಡೆದ ಬಲವನ್ನು. ಶಿಯರ್ ಪರೀಕ್ಷೆಯಲ್ಲಿ ಒತ್ತಡ ಮೇಲ್ಮೈಯ ಎಲ್ಲೆಡೆ ಸಮನಾಗಿ ಹಂಚಿಕೆಯಾಗದೆ ಬ್ಲೇಡು ತಾಗುವ ಅಂಚಿನಲ್ಲಿ ಸೇರಿಕೊಳ್ಳುವುದರಿಂದ ಹೀಗಾಗುವುದು ಹೆಚ್ಚು. ಈ ತೊಡಕಿಗೆ ಪರಿಹಾರವಾಗಿ 1994ರಲ್ಲಿ ಸಾನೋ ಮತ್ತು ಸಂಗಡಿಗರು ಮೈಕ್ರೋಟೆನ್ಸೈಲ್ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಹಲ್ಲನ್ನು ಸುಮಾರು ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಕಡ್ಡಿಗಳಾಗಿ ಕೊಯ್ದು ಎಳೆಯುತ್ತಾರೆ. ವಿಧಾನ ಹೆಚ್ಚು ಶುದ್ಧ, ಕೆಲಸ ಹೆಚ್ಚು ಕಷ್ಟ. ಕೊಯ್ಯುವಾಗಲೇ ಕೆಲವು ಕಡ್ಡಿಗಳು ಬಿಟ್ಟುಹೋಗುತ್ತವೆ, ಮತ್ತು ಅವುಗಳನ್ನು ಸೊನ್ನೆ ಎಂದು ಎಣಿಸಿದಿರೋ ಕೈಬಿಟ್ಟಿರೋ ಎಂಬುದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಲೇಬೇಕು.

ಹಲ್ಲಿನ ಪೂರ್ವವೃತ್ತಾಂತವೂ ಇಷ್ಟೇ ಮುಖ್ಯ. ಕಿತ್ತ ಹಲ್ಲು ಒಂದು ಕ್ಷಣವೂ ಒಣಗಬಾರದು. ಫಾರ್ಮಲಿನ್ ಡೆಂಟಿನ್ನಿನ ಕೊಲಾಜನ್ನನ್ನು ಬದಲಿಸುವುದರಿಂದ ಬಂಧಬಲದ ಕೆಲಸಕ್ಕೆ ಅದು ಸಲ್ಲದು. ಕ್ಲೋರಮೈನ್-ಟಿ ಅಥವಾ ತೆಳು ಥೈಮಾಲ್ ದ್ರಾವಣ ಬಳಸುತ್ತಾರೆ. ಆರು ತಿಂಗಳು ಮೀರಿದ ಹಲ್ಲನ್ನು ಬಳಸಬೇಡಿ. ಡೆಂಟಿನ್ನನ್ನು ಎಷ್ಟು ಆಳಕ್ಕೆ ಉಜ್ಜಿದಿರಿ ಎಂಬುದೂ ದಾಖಲಾಗಲಿ. ಎನಾಮಲ್ಲಿನ ಹತ್ತಿರ ಚದರ ಮಿಲಿಮೀಟರಿಗೆ ಸುಮಾರು 20 ಸಾವಿರ ಇರುವ ಸೂಕ್ಷ್ಮ ನಾಳಗಳು ಪಲ್ಪಿನ (ಹಲ್ಲಿನ ನಡುವಿನ ಮೃದು ತಿರುಳು) ಹತ್ತಿರ ಅದರ ಎರಡು ಪಟ್ಟಿಗೂ ಹೆಚ್ಚಾಗುತ್ತವೆ, ಅಗಲವೂ ಆಗುತ್ತವೆ, ಒದ್ದೆಯೂ ಅಷ್ಟೇ ಹೆಚ್ಚುತ್ತದೆ. ಒಂದೇ ಅಂಟು ಈ ಎರಡು ಜಾಗಗಳಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ.

ತಾಲ್ಲೂಕು ದಂತವೈದ್ಯ

ಬೋಧಕರ ಮಾತು ಪ್ರಯೋಗಾಲಯದ ಒಳಗಿನದು. ನಾನು ಕುರ್ಚಿಯ ಪಕ್ಕದಿಂದ ಬರೆಯುತ್ತೇನೆ. ಬಂಧಬಲದ ಅಂಕಿಯನ್ನು ನಾವು ಎಷ್ಟು ನಂಬಬೇಕು ಎಂಬುದಕ್ಕೆ ಗ್ಲಾಸ್ ಅಯನೋಮರ್‌ಗಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ.

ಲಂಡನ್ನಿನ ಸರ್ಕಾರಿ ರಸಾಯನ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಈ ಸಿಮೆಂಟನ್ನು ರೂಪಿಸಿ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಫ್ಲೋರೈಡ್ ಬೆರೆತ ಗಾಜಿನ ಪುಡಿ ಮತ್ತು ಪಾಲಿಅಕ್ರಿಲಿಕ್ ಆಮ್ಲ ಸೇರಿ ಗಟ್ಟಿಯಾಗುವ ಈ ವಸ್ತು ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ರಾಸಾಯನಿಕ ಬಂಧ ಬೆಳೆಸುತ್ತದೆ. ಪ್ರಯೋಗಾಲಯದಲ್ಲಿ ಅದರ ಬಂಧಬಲ ಅಳೆದರೆ ರೆಸಿನ್ ಫಿಲ್ಲಿಂಗ್ ಆದ ಕಾಂಪೋಸಿಟ್‌ಗಿಂತ ಬಹಳ ಕಡಿಮೆ, ಎಷ್ಟೋ ಸಲ ಒಂದಂಕಿಯಲ್ಲೇ ನಿಲ್ಲುತ್ತದೆ. ಏಕೆಂದರೆ ಅಂಟು ಬಿಡುವ ಮೊದಲು ಸಿಮೆಂಟೇ ಒಳಗೆ ಮುರಿಯುತ್ತದೆ. ಆದರೆ ವಸಡಿನ ಅಂಚಿನಲ್ಲಿ ಸವೆದ ಹಲ್ಲುಗಳಿಗೆ ತುಂಬಿದ ಫಿಲ್ಲಿಂಗ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕ್ಲಿನಿಕಲ್ ಅಧ್ಯಯನಗಳಲ್ಲಿ, ಉದುರದೆ ನಿಲ್ಲುವ ವಿಷಯದಲ್ಲಿ ಇದೇ ಗ್ಲಾಸ್ ಅಯನೋಮರ್ ಮುಂಚೂಣಿಯಲ್ಲಿದೆ. ಪ್ರಯೋಗಾಲಯದ ಪಟ್ಟಿಯಲ್ಲಿ ಕೆಳಗಿದ್ದ ವಸ್ತು ಬಾಯಿಯಲ್ಲಿ ಮೇಲೆ ಬಂದಿದೆ. ಇಂಥ ಸವೆದ ಗುಳಿಗಳಲ್ಲಿ ಅಂಟಿನ ಹೊರತು ಫಿಲ್ಲಿಂಗನ್ನು ಹಿಡಿದಿಡುವ ಬೇರೆ ಆಸರೆ ಇರುವುದಿಲ್ಲ ಎಂಬುದನ್ನು ನೆನಪಿಟ್ಟರೆ ಈ ಸಂಗತಿಯ ತೂಕ ಅರಿವಾದೀತು.

ಇನ್ನು ಒದ್ದೆಯ ಮಾತು. ಕೆಳದವಡೆಯ ಕೊನೆಯ ಹಲ್ಲು, ರೋಗಿ ಮಗು, ನಾಲಿಗೆ ಒಂದೆಡೆ ನಿಲ್ಲದು, ಹಲ್ಲನ್ನು ಜೊಲ್ಲಿನಿಂದ ಬೇರ್ಪಡಿಸುವ ರಬ್ಬರ್ ಡ್ಯಾಮ್ ಹಾಕಲು ಬಿಡದು. ಎಚಿಂಗ್ ಮಾಡಿದ, ಅಂದರೆ ಆಮ್ಲ ಹಚ್ಚಿ ಒರಟಾಗಿಸಿದ ಎನಾಮಲ್ ಮೇಲೆ ಜೊಲ್ಲು ಒಮ್ಮೆ ಹರಿದರೆ ಪ್ರಬಂಧದಲ್ಲಿ ಓದಿದ 25 ಮೆಗಾಪಾಸ್ಕಲ್ ಅಲ್ಲಿಗೆ ಮುಗಿಯಿತು. ಮತ್ತೆ ತೊಳೆದು, ಮತ್ತೆ ಎಚ್ ಮಾಡಿಯೇ ಮುಂದುವರಿಯಬೇಕು. ಜೊಲ್ಲು ತಾಗಿದ ಮೇಲ್ಮೈಯನ್ನೂ ಒಂದು ಗುಂಪಾಗಿ ಪರೀಕ್ಷಿಸಿದ ಸಂಶೋಧನೆಗಳು ನನ್ನಂಥವರಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ಪಾಲಿಮರ್ ಎಂಜಿನಿಯರ್

ನಾನು ದಂತವೈದ್ಯನಲ್ಲ, ಪಾಲಿಮರ್ ಕ್ಷೇತ್ರದವನು. ಬಾಯಿಯ ಶಾಖ, ಆಮ್ಲ, ನೀರು, ಜಗಿತ ಎಲ್ಲವನ್ನೂ ಯಂತ್ರದಲ್ಲಿ ಅನುಕರಿಸಿ ಮುಪ್ಪು ತರಿಸಿದ ಮೇಲೆ ಪರೀಕ್ಷೆ ಮಾಡಿದರೆ ಪ್ರಯೋಗಾಲಯಕ್ಕೂ ಬಾಯಿಗೂ ನಡುವಿನ ಈ ಅಂತರ ಮುಚ್ಚುವುದಿಲ್ಲವೇ?

ದಂತದ್ರವ್ಯ ಬೋಧಕ

ಸ್ವಲ್ಪ ಮಟ್ಟಿಗೆ ಮುಚ್ಚುತ್ತದೆ. ಥರ್ಮೋಸೈಕ್ಲಿಂಗ್‌ನಲ್ಲಿ ಮಾದರಿಗಳನ್ನು 5 ಮತ್ತು 55 ಡಿಗ್ರಿ ಸೆಲ್ಸಿಯಸ್ ನೀರಿನ ತೊಟ್ಟಿಗಳಲ್ಲಿ ಸರದಿಯಂತೆ ಮುಳುಗಿಸುತ್ತಾರೆ. ಐಎಸ್ಒ 11405 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಸೂಚಿಸುವುದು 500 ಸುತ್ತು. ಗೇಲ್ ಮತ್ತು ಡಾರ್ವೆಲ್ 1999ರಲ್ಲಿ ಆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, 10,000 ಸುತ್ತುಗಳು ಬಾಯಿಯ ಒಂದು ವರ್ಷಕ್ಕೆ ಸಮವಿರಬಹುದು ಎಂದು ಅಂದಾಜು ಮಾಡಿದರು. ಆ ಅಂದಾಜನ್ನು ಒಪ್ಪಿದರೆ 500 ಸುತ್ತು ಎಂದರೆ ಮೂರು ವಾರವೂ ಆಗಲಿಲ್ಲ. ಹಾಗಿದ್ದೂ 500 ಸುತ್ತು ಮುಗಿಸಿ ಬಾಳಿಕೆ ಬರುತ್ತದೆ ಎಂದು ತೀರ್ಮಾನ ಬರೆಯುವ ಪ್ರಬಂಧಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ.

ನೀರು ಮತ್ತು ಶಾಖದ ಆಚೆಗೆ ಜೀವಂತ ಅಂಶವೂ ಇದೆ. ಆಮ್ಲ ಹಚ್ಚಿದಾಗ ಡೆಂಟಿನ್ನಿನ ಕೊಲಾಜನ್ ಬಲೆ ತೆರೆದುಕೊಳ್ಳುತ್ತದೆ, ರೆಸಿನ್ ಅದರೊಳಗೆ ಇಳಿದು ನಕಾಬಯಾಶಿ 1982ರಲ್ಲಿ ವಿವರಿಸಿದ ಹೈಬ್ರಿಡ್ ಪದರ ಉಂಟಾಗುತ್ತದೆ. ರೆಸಿನ್ ತುಂಬದೆ ಉಳಿದ ಕೊಲಾಜನ್ನನ್ನು ಡೆಂಟಿನ್ನಿನಲ್ಲೇ ಇರುವ ಕಿಣ್ವಗಳು ನಿಧಾನವಾಗಿ ಕರಗಿಸುತ್ತವೆ. ಈ ಕೆಲಸ 24 ಗಂಟೆಯಲ್ಲಿ ಕಾಣುವುದಿಲ್ಲ, ತಿಂಗಳುಗಳು ಬೇಕು. ಇದಲ್ಲದೆ ಜೀವಂತ ಹಲ್ಲಿನಲ್ಲಿ ಪಲ್ಪಿನಿಂದ ಹೊರಮುಖವಾಗಿ ದ್ರವದ ಒತ್ತಡವಿರುತ್ತದೆ. ಪ್ರಯೋಗಾಲಯದಲ್ಲಿ ಸುಮಾರು 15 ಸೆಂಟಿಮೀಟರ್ ಎತ್ತರದ ನೀರಿನ ಕಂಬದಿಂದ ಅದನ್ನು ಅನುಕರಿಸಬಹುದಾದರೂ ಹೆಚ್ಚಿನವರು ಆ ಗೋಜಿಗೆ ಹೋಗುವುದಿಲ್ಲ.

ಸಾರ್ವಜನಿಕ ದಂತಾರೋಗ್ಯ

ಫ್ಲೋರೋಸಿಸ್ ಪ್ರಶ್ನೆಗೆ ಬರೋಣ, ಏಕೆಂದರೆ ಈ ಚರ್ಚೆಯಲ್ಲಿ ನಮ್ಮ ರಾಜ್ಯಕ್ಕೆ ನೇರವಾಗಿ ಸಂಬಂಧಿಸಿದ್ದು ಅದೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಾಗ 1.5ರವರೆಗೆ ಇರಬಹುದು ಎಂಬುದು ಭಾರತೀಯ ಮಾನಕ. ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ನೀರು ಈ ಮಿತಿಯನ್ನು ದಾಟಿದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಆ ನೀರು ಕುಡಿದ ಮಕ್ಕಳ ಎನಾಮಲ್ಲಿನ ಹೊರಪದರ ಹೆಚ್ಚು ಖನಿಜ ತುಂಬಿಕೊಂಡು ಆಮ್ಲಕ್ಕೆ ಸುಲಭವಾಗಿ ಮಣಿಯದು; ಅದರಡಿಯ ಪದರವಾದರೋ ರಂಧ್ರಮಯ, ದುರ್ಬಲ. ಎಚಿಂಗ್ ನಿಂತಿರುವುದೇ ಆಮ್ಲ ಎನಾಮಲ್ಲನ್ನು ಒರಟು ಮಾಡುತ್ತದೆ ಎಂಬ ತತ್ತ್ವದ ಮೇಲೆ. 1955ರಲ್ಲಿ ಬುವೊನೊಕೋರ್ 85 ಶೇಕಡಾ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಹಚ್ಚಿ ತೋರಿಸಿದ್ದು ಇದನ್ನೇ. ಇಂದು ನಾವು ಬಳಸುವುದು 35ರಿಂದ 37 ಶೇಕಡಾ. ಮಧ್ಯಮ ಮತ್ತು ತೀವ್ರ ಫ್ಲೋರೋಸಿಸ್ ಇರುವ ಹಲ್ಲಿಗೆ ಮಾಮೂಲಿ ಅವಧಿ ಸಾಕೇ, ಹೆಚ್ಚು ಹೊತ್ತು ಹಚ್ಚಬೇಕೇ, ಹೊರಪದರವನ್ನು ತೆಳುವಾಗಿ ಉಜ್ಜಿ ತೆಗೆಯಬೇಕೇ ಎಂಬುದಕ್ಕೆ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಹಲ್ಲುಗಳನ್ನು ತೀವ್ರತೆಗೆ ತಕ್ಕಂತೆ ವಿಂಗಡಿಸದೆ ಎಲ್ಲವನ್ನೂ ಫ್ಲೋರೋಸಿಸ್ ಗುಂಪು ಎಂದು ಒಟ್ಟುಗೂಡಿಸಿದ್ದು ಇದಕ್ಕೆ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಫ್ಲೋರೋಸಿಸ್ ತೀವ್ರತೆಯನ್ನು ಅಳೆಯುವ ಥೈಲ್‌ಸ್ಟ್ರಪ್-ಫೆಯರ್‌ಸ್ಕೋವ್ ಸೂಚ್ಯಂಕದ 0ಯಿಂದ 9ರವರೆಗಿನ ಶ್ರೇಣಿಯಲ್ಲಿ 2 ಮತ್ತು 6ರ ಹಲ್ಲುಗಳು ಒಂದೇ ಅಲ್ಲ.

ಬಿಳಿಮಚ್ಚೆಯ ಗೊಂದಲವೂ ಇದೆ. ಆರಂಭದ ಹುಳುಕು ಎನಾಮಲ್ ಮೇಲೆ ಸುಣ್ಣದಂಥ ಬಿಳಿಮಚ್ಚೆಯಾಗಿ ಕಾಣುತ್ತದೆ, ಫ್ಲೋರೋಸಿಸ್ಸೂ ಬಿಳಿಯಾಗಿಯೇ ಕಾಣುತ್ತದೆ. ಹುಳುಕಿನ ಮಚ್ಚೆ ಕೊಳೆ ನಿಲ್ಲುವ ಜಾಗದಲ್ಲಿ, ಅಂದರೆ ವಸಡಿನಂಚಿಗೆ ಸಮಾನಾಂತರವಾಗಿ, ಸೀಳಿನ ಬಾಯಲ್ಲಿ, ಎರಡು ಹಲ್ಲು ತಾಗುವ ಬಿಂದುವಿನ ಕೆಳಗೆ ಇರುತ್ತದೆ. ಫ್ಲೋರೋಸಿಸ್ ಎಡಬಲದ ಜೊತೆಹಲ್ಲುಗಳಲ್ಲಿ ಸಮನಾಗಿ, ಅಡ್ಡಗೆರೆಗಳಾಗಿ ಇಲ್ಲವೇ ಮೋಡ ಹರಡಿದಂತೆ ಇರುತ್ತದೆ. ಕಿತ್ತ ಒಂಟಿ ಹಲ್ಲನ್ನು ಕೈಯಲ್ಲಿ ಹಿಡಿದು ನೋಡುವವರಿಗೆ ಅದರ ಜೊತೆಹಲ್ಲು ಕಾಣುವುದೇ ಇಲ್ಲ. ಬಾಯಿಯಲ್ಲಿದ್ದಾಗ ಸುಲಭವಾದ ನಿರ್ಣಯ ಪ್ರಯೋಗಾಲಯದಲ್ಲಿ ಕಷ್ಟವಾಗುವ ಅಪರೂಪದ ಸಂದರ್ಭವಿದು.

ಎಂಡಿಎಸ್ ವಿದ್ಯಾರ್ಥಿನಿ

ಎಲ್ಲರಿಗೂ ಧನ್ಯವಾದ. ಎರಡನೆಯ ವಿಷಯದ ಬಗ್ಗೆಯೂ ಕೇಳುತ್ತೇನೆ. ಲೇಸರ್ ಉಪಕರಣದ ಕುರಿತ ಪ್ರಬಂಧಗಳಲ್ಲಿ ಸಂವೇದನಶೀಲತೆ (ಹುಳುಕಿರುವ ಹಲ್ಲನ್ನು ಹಿಡಿಯುವ ಪ್ರಮಾಣ) ಶೇಕಡಾ 80, ನಿರ್ದಿಷ್ಟತೆ (ಗಟ್ಟಿ ಹಲ್ಲನ್ನು ಗಟ್ಟಿ ಎನ್ನುವ ಪ್ರಮಾಣ) ಶೇಕಡಾ 80 ಎಂಬಂಥ ಅಂಕಿಗಳು ಕಾಣುತ್ತವೆ. ಹಾಗಿದ್ದರೆ ಉಪಕರಣ ಹುಳುಕು ಎಂದಾಗ ನೂರಕ್ಕೆ ಎಂಬತ್ತು ಪಾಲು ನಂಬಬಹುದು ಎಂದಲ್ಲವೇ?

ಸಂಖ್ಯಾಶಾಸ್ತ್ರಿ

ಅಲ್ಲ. ಈ ತಪ್ಪು ತಿಳಿವಳಿಕೆಯಿಂದ ಒಳ್ಳೆಯ ಹಲ್ಲುಗಳು ಕೊರೆಸಿಕೊಳ್ಳುತ್ತವೆ, ಆದ್ದರಿಂದ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ.

ಪ್ರಯೋಗಾಲಯದಲ್ಲಿ 100 ಹಲ್ಲು ಆರಿಸುತ್ತೀರಿ. ಹೋಲಿಕೆಗೆ ಅನುಕೂಲವಾಗಲೆಂದು 50 ಹುಳುಕು ಇರುವವು, 50 ಗಟ್ಟಿ ಹಲ್ಲುಗಳು. ನೀವು ಹೇಳಿದ ಅಂಕಿಗಳಿರುವ ಉಪಕರಣ 50 ಹುಳುಕು ಹಲ್ಲುಗಳಲ್ಲಿ 40ನ್ನು ಹಿಡಿಯುತ್ತದೆ, 50 ಗಟ್ಟಿ ಹಲ್ಲುಗಳಲ್ಲಿ 10ನ್ನು ತಪ್ಪಾಗಿ ಹುಳುಕು ಎನ್ನುತ್ತದೆ. ಹುಳುಕು ಎಂದು ಹೇಳಿದ 50ರಲ್ಲಿ 40 ಸರಿ. ಇಲ್ಲಿ ಮಾತ್ರ ನಿಮ್ಮ ನೂರಕ್ಕೆ ಎಂಬತ್ತು ನಿಜ.

ಈಗ ಅದೇ ಉಪಕರಣವನ್ನು ಓಪಿಡಿಗೆ ತನ್ನಿ. ಅಲ್ಲಿ ನೀವು ನೋಡುವ 100 ದವಡೆ ಹಲ್ಲುಗಳಲ್ಲಿ 10ಕ್ಕೆ ಮಾತ್ರ ಡೆಂಟಿನ್ ತಲುಪಿದ ಹುಳುಕು ಇದೆ ಎಂದಿಟ್ಟುಕೊಳ್ಳಿ. ಹತ್ತರಲ್ಲಿ 8ನ್ನು ಉಪಕರಣ ಹಿಡಿಯುತ್ತದೆ. ಉಳಿದ 90 ಗಟ್ಟಿ ಹಲ್ಲುಗಳಲ್ಲಿ 18ನ್ನು ತಪ್ಪಾಗಿ ಹುಳುಕು ಎನ್ನುತ್ತದೆ. ಒಟ್ಟು 26 ಹಲ್ಲುಗಳ ಮೇಲೆ ಬೊಟ್ಟು ಮಾಡಿದರೆ ಅದರಲ್ಲಿ ನಿಜವಾದದ್ದು 8, ಅಂದರೆ ಶೇಕಡಾ 31ರಷ್ಟು. ಉಪಕರಣ ಬದಲಾಗಿಲ್ಲ, ಹಲ್ಲುಗಳ ಗುಂಪು ಬದಲಾಗಿದೆ. ಅದೇ ಉಪಕರಣ ಹುಳುಕಿಲ್ಲ ಎಂದ 74 ಹಲ್ಲುಗಳಲ್ಲಿ 72 ಸರಿಯಾಗಿರುತ್ತವೆ. ಆದ್ದರಿಂದ ಹುಳುಕು ಕಡಿಮೆಯಿರುವ ಕಡೆ ಇಂಥ ಉಪಕರಣದ ಇಲ್ಲ ಎಂಬ ಉತ್ತರಕ್ಕೆ ಬೆಲೆ ಹೆಚ್ಚು, ಹೌದು ಎಂಬುದಕ್ಕೆ ಕಡಿಮೆ.

ಮೇಲೆ ಚರ್ಚಿಸಿದ ಮೈಕ್ರೋಟೆನ್ಸೈಲ್ ಬಗ್ಗೆಯೂ ಒಂದು ಮಾತು. 10 ಹಲ್ಲುಗಳಿಂದ ಎಂಟೆಂಟು ಕಡ್ಡಿ ಕೊಯ್ದು ಮಾದರಿ ಸಂಖ್ಯೆ 80 ಎಂದು ಬರೆಯಬಾರದು. ಒಂದೇ ಹಲ್ಲಿನ ಕಡ್ಡಿಗಳು ಒಂದನ್ನೊಂದು ಹೋಲುತ್ತವೆ. ವಿಶ್ಲೇಷಣೆಯಲ್ಲಿ ಹಲ್ಲನ್ನೇ ಘಟಕವಾಗಿ ಇಟ್ಟುಕೊಳ್ಳಿ, ಇಲ್ಲವೇ ಹಲ್ಲಿನೊಳಗಿನ ಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿಯನ್ನು ಬಳಸಿ.

ಸಾರ್ವಜನಿಕ ದಂತಾರೋಗ್ಯ

ಈ ಲೆಕ್ಕವನ್ನು ಪ್ರತಿ ಇಂಟರ್ನಿಯ ಮೇಜಿನ ಮೇಲೂ ಅಂಟಿಸಬೇಕು. ಲೇಸರ್ ಏನನ್ನು ಅಳೆಯುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಡಯಾಗ್ನೋಡೆಂಟ್ ಮಾದರಿಯ ಉಪಕರಣ 655 ನ್ಯಾನೋಮೀಟರಿನ ಕೆಂಪು ಬೆಳಕನ್ನು ಹಲ್ಲಿನೊಳಗೆ ಕಳಿಸಿ, ಅಲ್ಲಿಂದ ಮರಳುವ ಫ್ಲೋರೆಸೆನ್ಸನ್ನು 0ಯಿಂದ 99ರ ಅಂಕಿಯಾಗಿ ತೋರಿಸುತ್ತದೆ. ಆ ಬೆಳಕು ಬರುವುದು ಮುಖ್ಯವಾಗಿ ಬ್ಯಾಕ್ಟೀರಿಯಾ ಉಂಟುಮಾಡುವ ಪಾರ್ಫಿರಿನ್‌ಗಳಿಂದ, ಖನಿಜದ ನಷ್ಟದಿಂದಲ್ಲ. ಹಾಗಾಗಿ ಸೀಳಿನ ಕಂದುಕಲೆ, ಹಲ್ಲುಗಲ್ಲು, ಹಲ್ಲು ಪಾಲಿಶ್ ಮಾಡಿ ಉಳಿದ ಪೇಸ್ಟ್ ಇವೆಲ್ಲ ಅಂಕಿಯನ್ನು ಏರಿಸುತ್ತವೆ. ಎಲೆ ಅಡಿಕೆ ಹಾಕುವವರ ಹಲ್ಲಿನ ಕಲೆಯನ್ನು ಮೊದಲು ಶುಚಿಮಾಡದೆ ಉಪಕರಣ ಇಡುವುದರಲ್ಲಿ ಅರ್ಥವಿಲ್ಲ.

ಎರಡೂ ವಿಷಯಗಳು ಇಲ್ಲಿ ಒಂದೆಡೆ ಕೂಡುತ್ತವೆ. ಬಂಧಬಲಕ್ಕೆ ಯೋಗ್ಯವೆಂದು ಬೋಧಕರು ಹೇಳಿದ ಥೈಮಾಲ್ ಮತ್ತು ಕ್ಲೋರಮೈನ್ ದ್ರಾವಣಗಳಲ್ಲಿ ಇಟ್ಟ ಹಲ್ಲುಗಳ ಫ್ಲೋರೆಸೆನ್ಸ್ ಕಾಲಕ್ರಮೇಣ ಕುಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಯಾವ ದ್ರಾವಣವೂ ಇಲ್ಲದೆ ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಹಲ್ಲುಗಳಲ್ಲಿ ಅಂಥ ಬದಲಾವಣೆ ಗಣನೀಯವಾಗಿ ಕಂಡಿಲ್ಲ. ಒಂದೇ ಡಬ್ಬಿಯ ಹಲ್ಲುಗಳನ್ನು ಎರಡೂ ಪ್ರಯೋಗಗಳಿಗೆ ಬಳಸಿದರೆ ಲೇಸರಿನ ಅಂಕಿ ಬಾಯಿಯಲ್ಲಿ ಇರಬೇಕಾದುದಕ್ಕಿಂತ ಕೆಳಗಿರುತ್ತದೆ, ಅದರ ಮೇಲೆ ನೀವು ಗೊತ್ತುಮಾಡುವ ಗಡಿಯೂ ತಪ್ಪುತ್ತದೆ.

ಎಕ್ಸ್‌ರೇ ಕೂಡ ಇದಕ್ಕೆ ಹೊರತಲ್ಲ. ಖನಿಜ ಸುಮಾರು 30ರಿಂದ 40 ಶೇಕಡಾ ಕಳೆದುಹೋಗುವವರೆಗೆ ಬೈಟ್‌ವಿಂಗ್‌ನಲ್ಲಿ ಕಪ್ಪು ಕಾಣುವುದಿಲ್ಲ, ಕಂಡಾಗ ಹುಳುಕು ಚಿತ್ರಕ್ಕಿಂತ ಆಳಕ್ಕೆ ಹೋಗಿರುತ್ತದೆ. ನನ್ನ ಮಟ್ಟಿಗೆ ಇಂದಿಗೂ ಮೊದಲ ಸ್ಥಾನ ಶುಚಿಯಾದ ಒಣ ಹಲ್ಲಿನ ಮೇಲೆ ಒಳ್ಳೆಯ ಬೆಳಕಿನಲ್ಲಿ ಬೀಳುವ ಕಣ್ಣಿಗೆ. ಕಣ್ಣಿನಿಂದ ನೋಡಿ ಹುಳುಕಿಗೆ ಅಂಕ ಕೊಡುವ ಐಸಿಡಿಎಎಸ್ ಪದ್ಧತಿಯಲ್ಲಿ ಗಾಳಿಯಿಂದ ಐದು ಸೆಕೆಂಡು ಒಣಗಿಸಿದಾಗ ಮಾತ್ರ ಕಾಣುವ ಮಚ್ಚೆಗೆ 1, ಒದ್ದೆಯಿದ್ದಾಗಲೇ ಕಾಣುವುದಕ್ಕೆ 2 ಎಂದು ಕೊಡುವುದರ ಹಿಂದೆ ಭೌತಶಾಸ್ತ್ರವಿದೆ. ರಂಧ್ರಗಳಲ್ಲಿ ನೀರಿನ ಜಾಗಕ್ಕೆ ಗಾಳಿ ಬಂದಾಗ ಬೆಳಕು ಹೆಚ್ಚು ಚದುರುತ್ತದೆ, ಅಲ್ಪಸ್ವಲ್ಪ ರಂಧ್ರಮಯವಾದ ಎನಾಮಲ್ಲೂ ಬೆಳ್ಳಗೆ ಎದ್ದು ಕಾಣುತ್ತದೆ. ಚೂಪಾದ ಪ್ರೋಬನ್ನು ಸೀಳಿಗೆ ಒತ್ತಿ ಸಿಕ್ಕಿಕೊಂಡರೆ ಹುಳುಕು ಎನ್ನುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಿ. ಮೇಲ್ಪದರ ಇನ್ನೂ ಒಡೆಯದ, ಮತ್ತೆ ಗಟ್ಟಿಯಾಗಬಹುದಾದ ಮಚ್ಚೆಯನ್ನು ಅದು ಗುಳಿಯಾಗಿಸುತ್ತದೆ.

ಎಂಡಿಎಸ್ ವಿದ್ಯಾರ್ಥಿನಿ

ಇದನ್ನೆಲ್ಲ ಓದಿ ಗೈಡ್ ಅವರೊಂದಿಗೆ ಮಾತನಾಡಿದೆ. ಬಂಧಬಲದ ವಿಷಯವನ್ನೇ ಆರಿಸಿಕೊಂಡಿದ್ದೇನೆ, ಆದರೆ ಪ್ರಶ್ನೆ ಬದಲಾಗಿದೆ. ಎರಡು ಅಂಟುಗಳ ಪೈಕಿ ಯಾವುದು ಮೇಲು ಎಂದು ಕೇಳುವ ಬದಲು, ಒಂದೇ ಅಂಟು ಥೈಲ್‌ಸ್ಟ್ರಪ್-ಫೆಯರ್‌ಸ್ಕೋವ್ 0, 1ರಿಂದ 3, ಮತ್ತು 4ರಿಂದ 6ರ ಎನಾಮಲ್ಲಿನ ಮೇಲೆ ಮಾಮೂಲಿ ಮತ್ತು ದೀರ್ಘ ಎಚಿಂಗ್ ಅವಧಿಗಳಲ್ಲಿ ಹೇಗೆ ನಿಲ್ಲುತ್ತದೆ ಎಂದು ಕೇಳುತ್ತೇನೆ. ಪ್ರತಿ ಗುಂಪಿನ ಅರ್ಧ ಹಲ್ಲುಗಳನ್ನು 24 ಗಂಟೆಯ ನಂತರ, ಉಳಿದರ್ಧವನ್ನು 10,000 ಸುತ್ತು ಥರ್ಮೋಸೈಕ್ಲಿಂಗ್ ಆದ ಮೇಲೆ ಪರೀಕ್ಷಿಸಬೇಕೆಂದಿದೆ. ಫ್ಲೋರೋಸಿಸ್ ಇರುವ ಹಲ್ಲುಗಳು ಸಾಕಷ್ಟು ಸಿಗುತ್ತವೆಯೇ ಎಂಬುದೊಂದೇ ಈಗ ಉಳಿದ ಚಿಂತೆ.

ತಾಲ್ಲೂಕು ದಂತವೈದ್ಯ

ಹಲ್ಲುಗಳ ಚಿಂತೆ ಬೇಡ. ನಮ್ಮ ಭಾಗದಲ್ಲಿ ವಸಡಿನ ರೋಗದಿಂದ ಸಡಿಲವಾಗಿ ಕೀಳಬೇಕಾದ, ಹುಳುಕಿಲ್ಲದ ಫ್ಲೋರೋಸಿಸ್ ಹಲ್ಲುಗಳು ಆಗಾಗ ಸಿಗುತ್ತವೆ. ನಿಮ್ಮ ಎಥಿಕ್ಸ್ ಕಮಿಟಿಯ ಅನುಮತಿ ಮತ್ತು ಕನ್ನಡದಲ್ಲಿರುವ ಒಪ್ಪಿಗೆ ಪತ್ರವನ್ನು ಕಳಿಸಿದರೆ ನಾನೂ, ಪಕ್ಕದ ತಾಲ್ಲೂಕುಗಳ ಒಂದಿಬ್ಬರು ಗೆಳೆಯರೂ ಸಂಗ್ರಹಿಸಿ ಕೊಡುತ್ತೇವೆ. ಇವು ವಯಸ್ಸಾದವರ ಹಲ್ಲುಗಳಾಗಿರುವುದರಿಂದ, ನಿಮ್ಮ 0 ಗುಂಪಿಗೂ ಹದಿಹರೆಯದವರ ಪ್ರೀಮೋಲಾರ್ ತೆಗೆದುಕೊಳ್ಳದೆ ಅದೇ ವಯಸ್ಸಿನವರ ಹಲ್ಲುಗಳನ್ನೇ ಆರಿಸಿ. ಪ್ರತಿ ಡಬ್ಬಿಯ ಮೇಲೂ ಕಿತ್ತ ದಿನಾಂಕ, ರೋಗಿಯ ವಯಸ್ಸು, ಬಾಲ್ಯ ಕಳೆದ ಊರು, ಆಗ ಕುಡಿಯುತ್ತಿದ್ದುದು ಕೊಳವೆಬಾವಿಯ ನೀರೋ ಕೆರೆಯ ನೀರೋ ಎಂಬುದನ್ನು ಬರೆದಿಡುತ್ತೇವೆ, ಹೆಸರು ಬರೆಯುವುದಿಲ್ಲ. ಕೀಳುವ ಮೊದಲು ಎಡಬಲದ ಜೊತೆಹಲ್ಲುಗಳೆರಡೂ ಕಾಣುವಂತೆ ಒಂದು ಫೋಟೋ ತೆಗೆಯುತ್ತೇವೆ. ಕ್ಲೋರಮೈನ್ ದ್ರಾವಣವನ್ನು ಮಾತ್ರ ನಿಮ್ಮ ವಿಭಾಗದಿಂದಲೇ ತಯಾರಿಸಿ ಕಳಿಸಿ, ಎಲ್ಲರ ಡಬ್ಬಿಯಲ್ಲೂ ಒಂದೇ ಸಾಂದ್ರತೆ ಇರಲಿ.